ಅವ್ವನ ಗುಳಿಗೆ, ನನ್ನ ಪೆಪ್ಟೈಡು

ಪಾಠ ಮಾಡಿ ಹೊಟ್ಟೆ ಹೊರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಬೆಲ್ಲು ಹೊಡೆದ ಮೇಲೂ ಬಾಯಿ ನಿಲ್ಲುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಚಳ್ಳಕೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದಾಗ, ನನಗೆ ಈ ಚಾಳಿ ತುಸು ಹೆಚ್ಚೇ ಇತ್ತು. ಹುಡುಗರು ಕಿಟಕಿಯಾಚೆ ನೋಡುತ್ತಿದ್ದರು, ಹೆಂಡತಿ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು. ನನ್ನ ಮಾತನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದವಳು ಅವ್ವ ಒಬ್ಬಳೇ. ಅವಳು ದೇವಸಮುದ್ರದ ಬಳಿಯ ನಮ್ಮ ಹಟ್ಟಿಯಲ್ಲಿ, ಅಣ್ಣನ ಸಂಸಾರದೊಂದಿಗೆ, ಕುರಿ ನೋಡಿಕೊಂಡಿದ್ದಳು. ನಾನು ಆಗಾಗ ಬಸ್ಸು ಹತ್ತುವುದು ತಾಯಿಯ ಮೇಲಿನ ಪ್ರೀತಿಯಿಂದ ಅಂತ ಎಲ್ಲರೂ ತಿಳಿದಿದ್ದರು. ಪ್ರೀತಿಯೂ ಇತ್ತು ಅನ್ನಿ.

ಒಂದು ಸಲ ಹೋದಾಗ ಅವ್ವನ ಹಿಮ್ಮಡಿಗೆ ಜಾಲಿಮುಳ್ಳು ಮುರಿದು ಕೀವಾಗಿತ್ತು. ಮೊಳಕಾಲ್ಮುರಿನ ಡಾಕ್ಟರು ಮುಳ್ಳು ತೆಗೆದು, ಕೆಂಪು-ಕಪ್ಪು ಗುಳಿಗೆ ಕೊಟ್ಟು, ಹತ್ತು ದಿನ ಬಿಡದೆ ನುಂಗಬೇಕು ಅಂದಿದ್ದರು. ನನ್ನ ಚೀಲದಲ್ಲೋ ಆಗತಾನೇ ಓದಿದ ವಿಜ್ಞಾನ ಪತ್ರಿಕೆ. ತಡೆಯಲಾಗಲಿಲ್ಲ.

"ಈ ಗುಳಿಗೆಗೆಲ್ಲ ಕ್ರಿಮಿ ಬರಬರ್ತಾ ಜಗ್ಗಲ್ಲವ್ವ. ಆದ್ರೆ ಕುರಿ ರಕ್ತದ ಬಿಳಿ ಕಣದಾಗೆ ಪೆಪ್ಟೈಡು ಅಂತ ಐತೆ, ಪುಟಾಣಿ ಪ್ರೋಟೀನು. ಕ್ರಿಮಿ ಮೈಗೆ ತೂತು ಹೊಡೆದು ಸಾಯಿಸ್ತೈತೆ. ಅಂಥವು ಮನುಷ್ಯರ ಮೈಯಾಗೂ ಅದಾವೆ!"

ಇವು ಇನ್ನೂ ಪ್ರಯೋಗಶಾಲೆಯಲ್ಲೇ ಇವೆ, ಮುಂದೆ ಎಂದಾದರೂ ಔಷಧ ಆಗಬಹುದು ಅಂತಲೂ ಹೇಳಿದೆ. ಆದರೆ 'ಸಾಯಿಸ್ತೈತೆ' ಅನ್ನುವಾಗ ಇದ್ದ ಗಂಟಲು 'ಆಗಬಹುದು' ಅನ್ನುವಾಗ ಇರಲಿಲ್ಲ. ಅಷ್ಟರಲ್ಲಿ ಬಿಸಿ ಮುದ್ದೆಯೂ ಬಂದಿತ್ತು.

ಮುಂದಿನ ಭಾನುವಾರ ಹೋದರೆ ಅವ್ವನ ಕಾಲು ಮೊಣಕಾಲಿನವರೆಗೆ ಬಾತಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಹೋದ ವಾರ ಗಾಯವಾಗಿ ಕುಂಟುತ್ತಿದ್ದ ಕರಿಮೂತಿ ಕುರಿ ಮಾತ್ರ ರೊಪ್ಪದಲ್ಲಿ ಜಿಗಿದಾಡುತ್ತಿತ್ತು.

"ಗುಳಿಗೆ ನುಂಗಿದ್ಯೇನವ್ವ?"

"ಬೆಲ್ಲದಾಗೆ ಇಟ್ಟು ಕರಿಮೂತಿಗೆ ಹಾಕ್ದೆ ಕಣೋ. ನನ್ನ ಮೈಯಾಗೇ ಔಷಧ ಐತೆ ಅಂದ್ಯಲ್ಲ."

"ಕುರಿ ಮೈಯಾಗೂ ಐತೆ ಅಂದಿದ್ನಲ್ಲವ್ವ!"

"ಐತೆ ಬಿಡು. ಅದಕ್ಕೆ ಗೊತ್ತಾಗಬೇಕಲ್ಲ? ಪಾಪ, ಹೇಳಾಕೆ ಅದಕ್ಕೇನು ಕಾಲೇಜು ಮೇಷ್ಟ್ರಾಗಿರೋ ಮಗ ಅದಾನಾ?"

ಸಿಕ್ಕಿದ ಟೆಂಪೋದಲ್ಲಿ ಮೊಳಕಾಲ್ಮುರಿಗೆ ಓಡಿದೆವು. ಡಾಕ್ಟರು ಕಾಲು ಒತ್ತಿ ನೋಡಿ ಕೆಂಡಾಮಂಡಲವಾದರು. "ಇನ್ನೆರಡು ದಿನ ಬಿಟ್ಟಿದ್ರೆ ಕಾಲೇ ಉಳೀತಿರಲಿಲ್ಲ. ಗುಳಿಗೆ ನಿಲ್ಸು ಅಂತ ಯಾರಜ್ಜಿ ಹೇಳಿದ್ದು?"

ನಾನು ಗೋಡೆಯ ಮೇಲಿದ್ದ ಪೋಲಿಯೋ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಯಾರೂ ಹೇಳಿಲ್ಲ ಸ್ವಾಮಿ. ಮುದುಕಿ, ಮರ್ತುಬಿಟ್ಟೆ" ಅಂದಳು ಅವ್ವ.

ಡಾಕ್ಟರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವಾದ್ರೂ ನಾಲ್ಕು ಮಾತು ತಿಳಿಸಿ ಹೇಳಬಾರದಾ?"

"ಹೇಳ್ತಾನೆ ಸ್ವಾಮಿ. ನನ್ನ ಮಗ ಬಲು ಚೆನ್ನಾಗಿ ಹೇಳ್ತಾನೆ." ಆ ಜ್ವರದಲ್ಲೂ ಅವಳ ಮುಖದಲ್ಲಿ ಹೆಮ್ಮೆಯಿತ್ತು. ನಾನು ಭೂಮಿಗಿಳಿದು ಹೋದೆ.

ಕಾಲು ಉಳಿಯಿತು. ಸೂಜಿ, ಡ್ರೆಸಿಂಗು ಅಂತ ಮೂರು ವಾರ ಹಿಡಿಯಿತು. ರಜೆ ಹಾಕಿ ಹಟ್ಟಿಯಲ್ಲೇ ಉಳಿದೆ. ಹೊತ್ತುಹೊತ್ತಿಗೆ ಗುಳಿಗೆ ಅವಳ ಬಾಯಿಗೆ ಹಾಕಿ, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದೆ. ಕೊನೆಯ ಪಟ್ಟಿ ಬಿಚ್ಚಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುವಾಗ ಅವ್ವನೇ ಕೇಳಿದಳು.

"ಅಲ್ಲ ಕಣೋ, ಆ ಕುರಿ ಔಷಧ ಅಂಗಡಿಗೆ ಯಾವಾಗ ಬರ್ತೈತೆ?"

ಎಷ್ಟೋ ಹೇಳಬಹುದಿತ್ತು. ಇಡೀ ಒಂದು ಪೀರಿಯಡ್ಡಿನ ಸರಕು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ.

"ಗೊತ್ತಿಲ್ಲವ್ವ" ಅಂದೆ.

ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. ಆಮೇಲೆ, ಜ್ವರ ಗಿರ ಬಂದಿದೆಯೇನೋ ಅಂತ, ನನ್ನ ಹಣೆ ಮುಟ್ಟಿ ನೋಡಿದಳು.