ಟಾನಿಕ್ ಬರೆಸಲು ಹೋದ ಹುಲ್ಲಪ್ಪ

ಬೂಟು ಬಸವಂತನವು, ಹುಲ್ಲಪ್ಪನ ಕಾಲಿಗಿಂತ ಒಂದು ಬೆರಳು ಸಣ್ಣವು. ಆದರೆ ಇಲಕಲ್ಲಿನ ಆ ಗಲ್ಲಿಯಲ್ಲಿ ಹೊಳೆಯುವ ಕರಿ ಬೂಟು ಇದ್ದದ್ದು ಬಸವಂತನೊಬ್ಬನ ಹತ್ತಿರ ಮಾತ್ರ. ಅವೂ ಅವನ ಮದುವೆಯಲ್ಲಿ ಬೀಗರು ಕೊಟ್ಟವು.

"ಮೆಡಿಕಲ್ ರೆಪ್ ನೌಕರಿಗೆ ಮೊದಲ ಕಾಲು ನೋಡ್ತಾರಲೇ, ಆಮ್ಯಾಲೆ ಮಾರಿ ನೋಡ್ತಾರ," ಎನ್ನುತ್ತ ಬಸವಂತ ಗೆಳೆಯನ ಪಾದಗಳನ್ನು ಬೂಟಿನೊಳಗೆ ದಬ್ಬಿದ, ತುಂಬಿದ ಚೀಲದೊಳಗೆ ಇನ್ನಷ್ಟು ಮೆಣಸಿನಕಾಯಿ ತುರುಕುವವರ ಹಾಗೆ.

"ಭಾಳ ಬಿಗಿ ಅದಾವಲೇ."

"ಬಾಗಲಕೋಟಿ ಮುಟ್ಟೂದ್ರಾಗ ಸಡ್ಲ ಆಗ್ತಾವ, ನಡಿ."

ಬಸ್ಸು ಹುನಗುಂದ ದಾಟುವ ಹೊತ್ತಿಗೆ ಬೂಟು ಸಡಿಲಾಗುವ ಬದಲು ಕಾಲು ಬಾತುಕೊಂಡವು. ಬಾಗಲಕೋಟೆಯಲ್ಲಿ ಇಳಿದಾಗ ಹುಲ್ಲಪ್ಪ ಬಿಸಿ ಹಂಚಿನ ಮೇಲೆ ನಡೆಯುವ ಬೆಕ್ಕಿನಂತೆ ಹೆಜ್ಜೆ ಎತ್ತಿಡುತ್ತಿದ್ದ. ಆದರೂ ಹಿಂದೆ ತಿರುಗುವಂತಿರಲಿಲ್ಲ. ಬಿಎಸ್ಸಿ ಮುಗಿಸಿ ಮೂರು ವರ್ಷವಾಗಿತ್ತು. ಬ್ಯಾಂಕು, ರೈಲ್ವೆ, ಅರಣ್ಯ ಇಲಾಖೆ ಎಲ್ಲದಕ್ಕೂ ಅರ್ಜಿ ಹಾಕಿ ಮುಗಿದಿತ್ತು. ಮನೆಯಲ್ಲಿ ಅಪ್ಪನ ಎರಡು ಪವರ್‌ಲೂಮ್ ಹಗಲೆಲ್ಲ ಖಟಖಟ ಎನ್ನುತ್ತಿದ್ದವು. ಹುಲ್ಲಪ್ಪ ಹತ್ತಿರ ಹೋದರೆ ಸಾಕು, ಎಳೆ ಹರಿಯುತ್ತಿತ್ತು. "ಈ ಸಲ ನೌಕರಿ ಸಿಗಲಿಲ್ಲಂದ್ರ ಸುಮ್ಮ ಬಂದು ಮಗ್ಗದ ಮುಂದ ನಿಂದ್ರು. ಹರದ್ರ ಹರೀಲಿ," ಎಂದು ಅಪ್ಪ ಕಡೆಯ ಮಾತು ಹೇಳಿಬಿಟ್ಟಿದ್ದ.

ಸಂದರ್ಶನ ನಡೆಯುವುದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಜಿನ ಕೋಣೆಯಲ್ಲಿ. ಪುಣೆಯ ಔಷಧ ಕಂಪನಿಯೊಂದರ ಮ್ಯಾನೇಜರ್ ಇನಾಮದಾರ ಬೆಳಗಾವಿಯಿಂದ ಬಂದಿದ್ದರು. ಮಂಚದ ತುಂಬ ಔಷಧದ ಡಬ್ಬಿಗಳು. ಕುರ್ಚಿಯ ಮೇಲೆ ಅವರು, ಗೋಡೆಗೆ ಒರಗಿ ನಾಲ್ವರು ಹುಡುಗರು. ಹುಲ್ಲಪ್ಪ ಒಂದು ತಿಂಗಳು ರಾತ್ರಿ ಮಾಳಿಗೆಯ ಮೇಲೆ ನಿಂತು ಇಂಗ್ಲಿಷಿನಲ್ಲಿ ಉರು ಹೊಡೆದಿದ್ದ ಒಂದು ಪ್ರಶ್ನೆಯನ್ನೂ ಇನಾಮದಾರ ಕೇಳಲಿಲ್ಲ. ಪ್ರತಿಯೊಬ್ಬರ ಕೈಗೂ 'ಫೆರೊಬಲ್' ಎಂಬ ಟಾನಿಕ್ಕಿನ ಬಣ್ಣದ ಕಾಗದ ಕೊಟ್ಟರು.

"ಮಾತು ಎಲ್ಲಾರೂ ಆಡ್ತಾರ. ನನಗ ಚೀಟಿ ಬೇಕು. ಈ ಊರಾಗ ಯಾವ ಡಾಕ್ಟರ್ ಕಡೆ ಬೇಕಾದ್ರೂ ಹೋಗ್ರಿ. ಮಧ್ಯಾಹ್ನದ ಒಳಗ ಫೆರೊಬಲ್ ಬರದ ಚೀಟಿ ಯಾರು ತರ್ತಾರ, ನೌಕರಿ ಅವರದು."

ಉಳಿದ ಮೂವರು ಗುಬ್ಬಿಗಳಂತೆ ಪುರ್ರನೆ ಹಾರಿದರು. ಹುಲ್ಲಪ್ಪ ಕುಂಟುತ್ತ ಕುಂಟುತ್ತ ಎಲ್ಲರಿಗಿಂತ ಹತ್ತಿರವಿದ್ದ ದವಾಖಾನೆಗೆ ಬಂದ. ಅದು ಡಾಕ್ಟರ್ ಬೇವೂರ ಅವರದು. ಬಾಗಿಲಲ್ಲೇ ದೊಡ್ಡ ಫಲಕ ತೂಗುತ್ತಿತ್ತು: 'ಕಂಪನಿಯವರು ಸಂಜೆ ಬರಬೇಕು.' ಅದರ ಕೆಳಗೆ ಕಾಂಪೌಂಡರ್ ಮುರ್ತುಜಸಾಬ ಕುಳಿತಿದ್ದ. ಹುಲ್ಲಪ್ಪನ ಕಣ್ಣೆದುರಿಗೇ ಅವನು ಟೈ ಕಟ್ಟಿದ ಒಬ್ಬ ಹುಡುಗನನ್ನು ಹೊರಗೆ ಅಟ್ಟಿದ. ಲಾಜಿನಲ್ಲಿ ಪಕ್ಕದಲ್ಲಿ ನಿಂತಿದ್ದವನೇ ಅವನು.

ಹುಲ್ಲಪ್ಪ ಬಣ್ಣದ ಕಾಗದ ಮಡಚಿ ಜೇಬಿಗಿಟ್ಟ. ಮುರ್ತುಜಸಾಬ ಅವನ ಬೆವೆತ ಮುಖ ನೋಡಿದ, ಕುಂಟುವ ಕಾಲು ನೋಡಿದ, ಕೇಳದೆಯೇ ಒಂದು ಬಿಲ್ಲೆ ಕೊಟ್ಟ.

"ಹದಿನೇಳನೇ ನಂಬರ. ಕೂಡ್ರಪಾ, ಪಾಪ."

ರೋಗಿಯಾಗಿ ಒಳಗೆ ಹೋಗುವುದು, ಡಾಕ್ಟರ ಮುಂದೆ ಕುಳಿತ ಕೂಡಲೇ ಟಾನಿಕ್ಕಿನ ಮಾತು ತೆಗೆಯುವುದು. ಇಷ್ಟು ಚಂದದ ಉಪಾಯ ತನಗೆ ಹೊಳೆಯಿತಲ್ಲ ಎಂದು ಹುಲ್ಲಪ್ಪನಿಗೆ ತನ್ನ ಮೇಲೆಯೇ ಪ್ರೀತಿ ಉಕ್ಕಿತು. ಬೆಂಚಿನ ಮೇಲೆ ಕುಳಿತ.

"ಅಯ್ಯ, ನಮ್ಮ ಇಂದ್ರವ್ವನ ಮಗಾ ಹುಲ್ಲಪ್ಪ ಅಲ್ಲೇನ ನೀ?"

ಎದುರಿನ ಬೆಂಚಿನಲ್ಲಿ ಯಮನವ್ವ ಕುಳಿತಿದ್ದಳು. ಇಲಕಲ್ಲಿನಲ್ಲಿ ಅವನ ಮನೆಗೆ ಗೋಡೆ ಹಚ್ಚಿದ ಮನೆ ಅವಳದು. ಮಗಳ ಮನೆಗೆ ಬಂದವಳು ಮೊಳಕಾಲು ನೋವು ತೋರಿಸಲು ಕಾದಿದ್ದಳು.

"ಏನಾಗೇತೋ ಯಪ್ಪಾ ನಿನಗ?"

ಮುರ್ತುಜಸಾಬ ಇತ್ತ ತಿರುಗಿ ನೋಡಿದ. ಕಂಪನಿಯ ಹೆಸರೆತ್ತಿದರೆ ಬಿಲ್ಲೆ ಹೋಗುತ್ತದೆ. ಹುಲ್ಲಪ್ಪ ದನಿ ತಗ್ಗಿಸಿ, "ಏನಿಲ್ಲಬೇ ಅತ್ತಿ, ಒಂದೀಟು ಸುಸ್ತು," ಎಂದ.

"ಒಂದೀಟು ಸುಸ್ತಿಗೆ ಇಲಕಲ್ಲಿಂದ ಬಾಗಲಕೋಟಿಗೆ ಬರ್ತಾರೇನೋ? ಅವ್ವಗ ಹೇಳೀಯಿಲ್ಲೋ? ಅಯ್ಯ ಶಿವನ, ಕಾಲು ಬ್ಯಾರೆ ಎಳ್ಯಾಕತ್ತಾನ!"

ಯಮನವ್ವನ ದನಿ ಎರಡು ಪವರ್‌ಲೂಮ್‌ಗಳ ಗದ್ದಲವನ್ನು ದಾಟಿ ಪಕ್ಕದ ಓಣಿ ಮುಟ್ಟಬಲ್ಲ ದನಿ. ದವಾಖಾನೆಯ ಅಷ್ಟೂ ಜನ ಹುಲ್ಲಪ್ಪನ ಕಡೆ ತಿರುಗಿದರು. ಒಬ್ಬ ಮುದುಕ, ಇದು ವಾಯು, ಬಿಸಿನೀರಿನಲ್ಲಿ ಉಪ್ಪು ಹಾಕಿ ಕಾಲಿಡಬೇಕು ಎಂದ. ಇನ್ನೊಬ್ಬಾಕೆ ಅವನ ಕಣ್ಣರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲ ಎಂದು ತೀರ್ಪು ಕೊಟ್ಟಳು. ತನ್ನ ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ರೈತನೊಬ್ಬ, "ಮೊದಲ ಇವನ್ನ ಒಳಗ ಬಿಡ್ರಿ, ನಾವು ಆಮ್ಯಾಲೆ ಹೋಗ್ತೇವಿ," ಎಂದ. ಬೇಡ ಬೇಡ ಎನ್ನುತ್ತಿದ್ದ ಹುಲ್ಲಪ್ಪನನ್ನು ಯಮನವ್ವ ಒಂದು ರಟ್ಟೆ, ಮುದುಕ ಒಂದು ರಟ್ಟೆ ಹಿಡಿದು, ಹೊಸ ಮದುಮಗನನ್ನು ಹಸೆಗೆ ಕರೆದೊಯ್ಯುವಂತೆ ಡಾಕ್ಟರ ಮುಂದೆ ಕೂಡಿಸಿದರು. ಮುದುಕ ಹೊರಗೆ ಹೋದ. ಯಮನವ್ವ ಹೋಗಲಿಲ್ಲ.

"ಏನಾಗ್ತದ?" ಎಂದರು ಬೇವೂರ ಡಾಕ್ಟರು, ತಲೆ ಎತ್ತದೆ.

ಹುಲ್ಲಪ್ಪ ನೆಟ್ಟಗೆ ಕುಳಿತ. ಬಣ್ಣದ ಕಾಗದದ ಮೊದಲ ಪುಟ ದಾರಿಯಲ್ಲೇ ಬಾಯಿಪಾಠವಾಗಿತ್ತು. "ಗುಡ್ ಮಾರ್ನಿಂಗ್ ಸರ್. ಸುಸ್ತು, ಹಸಿವು ಆಗದಿರೂದು, ನಿದ್ದಿ ಬರದಿರೂದು, ತಲಿ ತಿರುಗೂದು, ಕೈಕಾಲು ಜೋಮು ಹಿಡಿಯೂದು..."

ಇವೆಲ್ಲಕ್ಕೂ ಒಂದೇ ಔಷಧ ಎಂಬ ಮಾತು ಎರಡನೆಯ ಪುಟದಲ್ಲಿತ್ತು. ಅಲ್ಲಿಗೆ ಮುಟ್ಟುವ ಮೊದಲೇ ಡಾಕ್ಟರು ಅವನ ಬಾಯಲ್ಲಿ ಥರ್ಮಾಮೀಟರ್ ಇಟ್ಟುಬಿಟ್ಟರು. ಅವನ ಬಾಯಿ ಮುಚ್ಚಿದ್ದೇ ತಡ, ಯಮನವ್ವನ ಬಾಯಿ ತೆರೆಯಿತು.

"ಮೂರು ವರ್ಸಾತ್ರಿ ಸಾಹೇಬ್ರ, ಮನಿ ಬಿಟ್ಟು ಹೊರಗ ಬೀಳವಲ್ಲ. ರಾತ್ರಿ ಮಾಳಿಗಿ ಮ್ಯಾಲೆ ಒಬ್ಬನ ನಿಂತು ಇಂಗ್ಲೀಸಿನ್ಯಾಗ ಮಾತಾಡ್ತಾನ್ರಿ. ನಗತಾನ, ಕೈ ಮುಂದ ಮಾಡಿ ಕುಲುಕ್ತಾನ."

"ಯಾರ ಕೈ ಕುಲುಕ್ತಾನ?"

"ಅಲ್ಲೆ ಯಾರೂ ಇರಂಗಿಲ್ರಿ! ಅದ ನಮಗ ಅಂಜಿಕಿ."

ಹುಲ್ಲಪ್ಪ ಥರ್ಮಾಮೀಟರ್ ಕಚ್ಚಿಕೊಂಡೇ ಎರಡೂ ಕೈ ಆಡಿಸಿ, ಹೂಂ ಹೂಂ ಎಂದು ಪ್ರತಿಭಟಿಸಿದ. "ನೋಡ್ರಿ, ಹಿಂಗ ಮಾಡ್ತಾನ್ರಿ," ಎಂದಳು ಯಮನವ್ವ.

ಡಾಕ್ಟರು ಥರ್ಮಾಮೀಟರ್ ತೆಗೆದು, ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದರು. ದನಿ ಮೆತ್ತಗಾಯಿತು. "ಮೊದಲ ಏನರೆ ಔಷಧ ತಗೊಂಡೀಯೇನಪಾ?"

"ಫೆರೊಬಲ್ ಸರ್!" ಹುಲ್ಲಪ್ಪ ಹೆಚ್ಚುಕಡಿಮೆ ಚೀರಿದ.

"ಫೆರೊಬಲ್? ಅದನ್ನ ಕುಡದು ಗುಣ ಕಂಡದ?"

ಹುಲ್ಲಪ್ಪ ಲೆಕ್ಕ ಹಾಕಿದ. ಇಲ್ಲವೆಂದರೆ ಡಾಕ್ಟರು ಬೇರೆ ಔಷಧ ಬರೆಯುತ್ತಾರೆ. ಹೌದೆಂದರೆ ಚೀಟಿ. ಚೀಟಿಯ ಹಿಂದೆ ನೌಕರಿ, ನೌಕರಿಯ ಹಿಂದೆ ಕಂಪನಿ ಕೊಡುವ ಮೋಟರ್‌ಸೈಕಲ್ಲು.

"ಭಾಳ ಗುಣ ಐತ್ರಿ ಸರ್. ಅದನ್ನ ಕುಡೀಲಿಕ್ಕ ಹತ್ತಿದ ಮ್ಯಾಲ ನಾ ಇಷ್ಟರೆ ಅಡ್ಡಾಡ್ತೀನ್ರಿ."

"ಹೌದಾ? ನಾ ಯಾರಿಗೂ ಇದನ್ನ ಬರದಿಲ್ಲ. ಇರಲಿ, ಅದನ್ನ ಮುಂದುವರಸು." ಡಾಕ್ಟರು ಸರಸರನೆ ಬರೆದರು. ಹುಲ್ಲಪ್ಪ ಚೀಟಿಗೆ ಕೈ ಚಾಚಿದ. "ಎಲ್ಲಿಗೆ ಹೊಂಟಿ? ಆ ಕಡೆ ಹೊರಳಿ ಮಲಕೋ. ಒಂದು ಇಂಜೆಕ್ಷನ್ ಮಾಡ್ತೇನಿ."

ಹೊರಗೆ ಬಂದಾಗ ಹುಲ್ಲಪ್ಪ ಎರಡೂ ಕಡೆಯಿಂದ ಕುಂಟುತ್ತಿದ್ದ, ಆದರೆ ಮುಖದ ಮೇಲೆ ಬೆಳದಿಂಗಳಿತ್ತು. ಯಮನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಂದಿನ ಬಸ್ಸಿಗೆ ಹೋಗಿ ನಾನ ನಿಮ್ಮವ್ವಗ ಸಮಾಧಾನ ಹೇಳ್ತೇನಿ, ನೀ ಚಿಂತಿ ಮಾಡಬ್ಯಾಡ," ಎಂದಳು. ಬೇಡವೆಂದು ಹೇಳಲು ಹುಲ್ಲಪ್ಪನಿಗೆ ಪುರುಸೊತ್ತಿರಲಿಲ್ಲ.

ಲಾಜಿನಲ್ಲಿ ಮೂವರೂ ಬರಿಗೈಯಲ್ಲಿ ಕುಳಿತಿದ್ದರು. ಇನಾಮದಾರರು ಹುಲ್ಲಪ್ಪನ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ರೋಗಿಯ ಹೆಸರಿನ ಜಾಗಕ್ಕೆ ಬಂದು ಅವರ ಹುಬ್ಬು ಮೇಲೇರಿತು.

"ಹುಲ್ಲಪ್ಪ ಅಂದ್ರ ನೀನಲ್ಲೇನು?"

ಹುಲ್ಲಪ್ಪ ನಡೆದದ್ದನ್ನೆಲ್ಲ ಹೇಳಿದ. ಇಂಜೆಕ್ಷನ್ನಿಗೆ ಬಂದಾಗ ಇನಾಮದಾರರು ಮಂಚದ ಮೇಲೆ ಬಿದ್ದು ನಕ್ಕರು. ಔಷಧದ ಡಬ್ಬಿಗಳು ಉರುಳಿದವು.

"ಶಾಬ್ಬಾಸ್! ಚೀಟಿ ಸಂಬಂಧ ಚುಚ್ಚಿಸ್ಕೊಂಡು ಬಂದ ರೆಪ್ಪನ್ನ ನಾ ಇವತ್ತ ನೋಡಿದ್ದು. ಬೇವೂರ ಡಾಕ್ಟರ ಕೈಲೆ ನಾ ಎರಡು ವರ್ಷದಾಗ ಒಂದು ಚೀಟಿ ಬರಸಿಲ್ಲ ಮಾರಾಯಾ. ನೌಕರಿ ನಿಂದು!"

ಮೂವರು ಹುಡುಗರು ಎದ್ದು ಅವನ ಕೈ ಕುಲುಕಿದರು. ಹುಲ್ಲಪ್ಪನಿಗೆ ಕಾಲಿನ ನೋವು ಮರೆತೇ ಹೋಯಿತು. ಆಗ ಇನಾಮದಾರರು ಪೆನ್ನಿನ ಮುಚ್ಚಳ ತೆಗೆಯುತ್ತ ಹೇಳಿದರು: "ಇನ್ನೇನಿಲ್ಲ, ಆರೋಗ್ಯ ಸರಿ ಅದ ಅಂತ ಡಾಕ್ಟರದೊಂದು ಸರ್ಟಿಫಿಕೇಟ್ ಬೇಕು. ನಡಿ, ಸಂಜಿಗೆ ಬೇವೂರ ಡಾಕ್ಟರ ಕಡೇನ ಹೋಗೂಣು. ನಮ್ಮ ಔಷಧ ಬರದದ್ದಕ್ಕ ಒಂದು ನಮಸ್ಕಾರ ಹೇಳಿದಂಗೂ ಆತು."

"ಸರ್, ಬ್ಯಾರೆ ಡಾಕ್ಟರೂ ಭಾಳ ಮಂದಿ ಅದಾರ್ರಿ."

"ಎರಡು ವರ್ಷದ ಮ್ಯಾಲ ಬಾಗಲಾ ತಗದದ. ಇವತ್ತ ಹೋಗಬೇಕು."

ಸಂಜೆ ಫಲಕದ ಪ್ರಕಾರ ಕಂಪನಿಯವರ ಹೊತ್ತಿಗೆ ಇಬ್ಬರೂ ಒಳಗೆ ಹೋದರು. ಡಾಕ್ಟರು ಹುಲ್ಲಪ್ಪನನ್ನು ಕಂಡವರೇ, "ಯಾಕಪಾ, ಇಂಜೆಕ್ಷನ್ ಬಾವು ಬಂತೇನು?" ಎಂದರು.

ಇನಾಮದಾರರು ಹಲ್ಲು ಕಿರಿದು, ಇವನು ತಮ್ಮ ಹೊಸ ರೆಪ್, ಆರೋಗ್ಯದ ಸರ್ಟಿಫಿಕೇಟ್ ಬೇಕು ಎಂದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವಗ ಸರ್ಟಿಫಿಕೇಟಾ? ಮುಂಜಾನೆ ಇಬ್ಬರು ಹಿಡಕೊಂಡು ಬಂದಾರ ಇವನ್ನ. ಊಟಿಲ್ಲ, ನಿದ್ದಿಲ್ಲ, ರಾತ್ರಿ ಕತ್ತಲಾಗ ಯಾರದೋ ಕೈ ಕುಲುಕ್ತಾನಂತ!"

"ಸರ್, ನನಗೇನೂ ಆಗಿಲ್ರಿ," ಹುಲ್ಲಪ್ಪ ಅಂಗಲಾಚಿದ. "ಬೂಟು ಸಣ್ಣಾವು, ಅದಕ್ಕ ಕುಂಟಿದ್ನಿರಿ. ಕೈ ಕುಲುಕಿದ್ದು ಇಂಟರ್‌ವ್ಯೂ ತಯಾರಿ. ಸುಸ್ತು, ನಿದ್ದಿ ಎಲ್ಲಾ ಕಂಪನಿ ಕಾಗದದಾಗ ಬರದಿದ್ದು ಹೇಳೇನ್ರಿ."

"ಹಂಗಾರ ಫೆರೊಬಲ್ ಕುಡದು ಗುಣ ಆತು ಅಂದದ್ದು?"

ಹುಲ್ಲಪ್ಪ ಜೇಬಿನಲ್ಲಿದ್ದ ಬಣ್ಣದ ಕಾಗದವನ್ನು ಇನ್ನಷ್ಟು ಒಳಗೆ ತುರುಕಿದ.

ಡಾಕ್ಟರು ಇನಾಮದಾರರ ಕಡೆ ತಿರುಗಿದರು. "ಇವನ ಮಾತು ನಂಬಿ ನಾ ಇವತ್ತ ಬಂದ ಅರ್ಧ ಮಂದಿಗೆ ನಿಮ್ಮ ಔಷಧ ಬರದೇನಿ. ಇವ ಖರೇನ ಕುಡದು ಗುಣ ಆಗ್ಯಾನಂದ್ರ ನಾಳಿಂದ ಎಲ್ಲಾರಿಗೂ ಬರೀತೇನಿ. ಸುಳ್ಳು ಹೇಳ್ಯಾನಂದ್ರ ಇನ್ನ ಮ್ಯಾಲ ನಿಮ್ಮ ಕಂಪನಿಯವ್ರು ನನ್ನ ಹೊಚ್ಚಲಾ ತುಳೀಬಾರ್ದು. ನೀವ ಹೇಳ್ರಿ, ಇವ ರೋಗೀನೋ, ನಿಮ್ಮ ರೆಪ್ಪೋ?"

ಇನಾಮದಾರರು ಹುಲ್ಲಪ್ಪನನ್ನು ನೋಡಿದರು. ಆಮೇಲೆ ಡಾಕ್ಟರ ಕೈಯಲ್ಲಿದ್ದ ಪೆನ್ನು ನೋಡಿದರು. ಬಹಳ ಹೊತ್ತು ಯೋಚಿಸಲಿಲ್ಲ.

"ರೋಗಿ ಸರ್. ನೂರಕ್ಕ ನೂರು ರೋಗಿ. ಪಾಪ, ಇಂಟರ್‌ವ್ಯೂಕ್ಕ ಅಂತ ಬಂದ, ನಾನ ಗುರುತು ಹಿಡೀಲಿಲ್ಲ. ನಮ್ಮ ಟಾನಿಕ್ ಇದ್ದಿದ್ದಿಲ್ಲಂದ್ರ ಇವ ಹಾಸಿಗಿ ಬಿಟ್ಟು ಏಳತಿದ್ದಿಲ್ಲ ಸರ್!"

"ಸರ್!" ಎಂದ ಹುಲ್ಲಪ್ಪ.

"ನೋಡ್ರಿ, ದನಿ ಸೈತ ಬಂದದ," ಎಂದರು ಇನಾಮದಾರರು.

ಡಾಕ್ಟರು ಸಮಾಧಾನದಿಂದ ಕನ್ನಡಕ ಏರಿಸಿದರು. ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಬೇಕು, ರಾತ್ರಿ ಮಾಳಿಗೆ ಹತ್ತಬಾರದು ಎಂದು ಹುಲ್ಲಪ್ಪನಿಗೆ ತಾಕೀತು ಮಾಡಿದರು.

ರಸ್ತೆಗೆ ಬಂದ ಮೇಲೆ ಇನಾಮದಾರರು ಅವನ ಬೆನ್ನು ತಟ್ಟಿದರು. "ಸಿಟ್ಟಾಗಬ್ಯಾಡ ತಮ್ಮಾ. ರೆಪ್ ಬೇಕಾದಷ್ಟು ಸಿಗ್ತಾರ, ನಿನ್ನಂಥಾ ಪೇಶಂಟ್ ಸಿಗಂಗಿಲ್ಲ." ಲಾಜಿನಿಂದ ಒಂದು ಡಬ್ಬಿ ತುಂಬ ಫೆರೊಬಲ್ ಬಾಟಲಿಗಳನ್ನು ತರಿಸಿ ಅವನ ಕಂಕುಳಿಗಿಟ್ಟರು. "ಪುಕ್ಕಟೆ ತಗೋ. ತಿಂಗಳಾ ತಪ್ಪದ ಡಾಕ್ಟರಗ ಮಾರಿ ತೋರಸು. ಮತ್ತೊಂದು ಮಾತು, ಅವಸರ ಮಾಡಿ ಗುಣ ಆಗಬ್ಯಾಡ. ಸಾವಕಾಶ ಗುಣ ಆಗು."

ನೌಕರಿ ಮುರ್ತುಜಸಾಬ ಅಟ್ಟಿದ್ದ ಟೈ ಹುಡುಗನಿಗೆ ಹೋಯಿತು. ಹುಲ್ಲಪ್ಪನನ್ನು ಬಸ್ಸು ಹತ್ತಿಸಲು ಅವನೇ ಬಂದಿದ್ದ. "ಪ್ರಕೃತಿ ಹುಷಾರ್ರಿ," ಎಂದು ಕಿಟಕಿಯಲ್ಲಿ ಕೈ ಬೀಸಿದ.

ಇಲಕಲ್ಲಿನ ಗಲ್ಲಿಯಲ್ಲಿ ಹುಲ್ಲಪ್ಪನ ಮನೆಯ ಮುಂದೆ ಮಂದಿ ನೆರೆದಿತ್ತು. ಯಮನವ್ವ ನಡುವೆ ನಿಂತು, ಅವನು ಥರ್ಮಾಮೀಟರ್ ಕಚ್ಚಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅಪ್ಪ ಎರಡೂ ಪವರ್‌ಲೂಮ್ ನಿಲ್ಲಿಸಿ ಕಟ್ಟೆಯ ಮೇಲೆ ಕುಳಿತಿದ್ದ. ಇಂದ್ರವ್ವ ಓಡಿ ಬಂದು ಮಗನನ್ನು ತಬ್ಬಿ, "ನೌಕರಿ ಹಾಳಾಗಿ ಹೋಗ್ಲಿ ನನ್ನಪ್ಪ, ನೀ ಒಬ್ಬ ಇದ್ರ ಸಾಕು," ಎಂದು ಅತ್ತಳು. ಯಾರೋ ಬೂಟು ಎಳೆದು ತೆಗೆದರು. ಬಸವಂತ ಬಂದು ಅವನ್ನು ಬಗಲಲ್ಲಿಟ್ಟುಕೊಂಡು ಹೋದ.

"ಅವ್ವಾ, ನನಗೇನೂ ಆಗಿಲ್ಲಬೇ."

"ಹೌದು ಹೌದು, ಏನೂ ಆಗಿಲ್ಲ," ಎನ್ನುತ್ತ ಅವಳು ಮೂಗು ಹಿಡಿದು ಎರಡು ಚಮಚ ಫೆರೊಬಲ್ ಕುಡಿಸಿದಳು. ಆಮೇಲೆ, ತಿನ್ನಲಾರನೆಂದು ಗೊತ್ತಿದ್ದರೂ ತಾಯಿಯ ಕರುಳು ತಡೆಯದೆ, ಜೋಳದ ರೊಟ್ಟಿ, ಎಣಗಾಯಿ ತಂದಿಟ್ಟಳು. ಹುಲ್ಲಪ್ಪ ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಮೊದಲ ರೊಟ್ಟಿ ಹೇಗೆ ಒಳಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಎರಡನೆಯದು ಹೋಯಿತು. ಬುಟ್ಟಿಯಲ್ಲಿದ್ದವೆಲ್ಲ ಮುಗಿದು ಇಂದ್ರವ್ವ ಪಕ್ಕದ ಮನೆಗೆ ರೊಟ್ಟಿ ಕೇಳಲು ಎದ್ದಳು.

ಮಂದಿ ರೊಟ್ಟಿ ಎಣಿಸುತ್ತ ನೋಡುತ್ತಿತ್ತು.

"ನೋಡಿದ್ರಿಲ್ಲೋ!" ಯಮನವ್ವ ಬಾಟಲಿಯನ್ನು ಎತ್ತಿ ಹಿಡಿದಳು. "ಗಂಟಲಾಗ ಇಳಿಯೂದ ತಡಾ, ಹಸಿವು ಬಂತು! ನನ್ನ ಮೊಳಕಾಲಿಗೂ ಇದ ಸೈ."

ಹುಲ್ಲಪ್ಪ ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಬಾಯಿ ತುಂಬ ರೊಟ್ಟಿ ಇದ್ದದ್ದರಿಂದ ಮಾತು ಹೊರಡಲಿಲ್ಲ. ಅವನು ನುಂಗಿ ಮುಗಿಸುವುದರೊಳಗೆ ಗಲ್ಲಿಯವರು ಮನೆಮನೆಯಿಂದ ಚಮಚ ತಂದು ನಿಂತಿದ್ದರು. ಯಮನವ್ವ ಅವರನ್ನು ಸಾಲು ಮಾಡಿಸುತ್ತಿದ್ದಳು. ಎಲ್ಲರಿಗಿಂತ ಮುಂದೆ ಹುಲ್ಲಪ್ಪನ ಅಪ್ಪನೇ ನಿಂತಿದ್ದ.