ಪಿಂಜಾರನ ನಾಯಿಯ ನಡುಕ

ನಾಯಿ ಯಾಕೆ ನಡುಗುತ್ತದೆ ಎಂಬ ವಿಷಯದಲ್ಲಿ ಭಾಲ್ಕಿಯಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡ ಶಾಲೆ ಮಾಸ್ತರ ಇನ್ನೊಬ್ಬನಿರಲಿಕ್ಕಿಲ್ಲ. ಮಗ್ಗಿ ಬಾರದ ಹುಡುಗರು ನನ್ನೆದುರು ನಡುಗುತ್ತಿದ್ದರು. ಅದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಈ ನಾಯಿಯನ್ನಂತೂ ನಾನು ಗದರಿಸಿದವನೂ ಅಲ್ಲ. ಅದು ಪಕ್ಕದ ಮನೆಯ ಹತ್ತಿ ಹಿಂಜುವ ಖಾಸೀಮಸಾಬನದು. ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಮುಗಿದ ವಾರ, ಮುಸಲ್ಮಾನರಿಗೆ ಇನ್ನು ಉಳಿಗಾಲವಿಲ್ಲವೆಂಬ ಸುದ್ದಿ ಹಬ್ಬಿ, ಅವನು ಊರು ಬಿಟ್ಟ. ನಾಯಿ ನಮ್ಮಲ್ಲಿ ಉಳಿಯಿತು. ಅವನು ಬರುವ ತನಕ ಅದನ್ನು ಬದುಕಿಸಿಕೊಳ್ಳಬೇಕೆಂದು ನಾನು ಹಟ ಹಿಡಿದಿದ್ದೆ. ಅದೋ, ರೊಟ್ಟಿ ಮೂಸದೆ ಗಡಗಡ ನಡುಗುತ್ತಿತ್ತು.

ಚಳಿಯಿರಬೇಕೆಂದು ನನ್ನ ಕಂಬಳಿ ಹೊದಿಸಿದೆ. ಕಂಬಳಿ ಸಮೇತ ನಡುಗಿತು. ದೃಷ್ಟಿಯಾಗಿದೆಯೆಂದು ಹಣೆಗೆ ವಿಭೂತಿ ಹಚ್ಚಿದೆ; ಕಾಲಿನಿಂದ ಉಜ್ಜಿ ಒರೆಸಿಕೊಂಡಿತು. ಸಾಯಗಾಂವದಿಂದ ಕುರಿ ಸಾಕುವ ಸೋದರಮಾವನನ್ನು ಕರೆಸಿದೆ. ಅವನು ಕಿವಿ ಮುಟ್ಟಿ, ಹೊಟ್ಟೆ ಒತ್ತಿ, "ಜ್ವರ ಇಲ್ಲ, ವಿಷಾನೂ ತಿಂದಿಲ್ಲ. ಇದು ಅಂಜ್ಯಾದ. ಯಾವಾಗ ನಡುಗ್ತದ ಅದ್ ನೋಡು" ಎಂದ.

ನೋಡುವ ಕೆಲಸವನ್ನು ನನ್ನ ಹೆಂಡತಿ ಮೊದಲೇ ಮುಗಿಸಿದ್ದಳು. "ದಿನಾ ಮಧ್ಯಾಹ್ನ ಊಟಕ್ಕ ಕೂಡೋ ಮುಂದ ನೀವು ಬಾಗಲಕ್ಕ ಅಗಳಿ ಹಾಕ್ತೀರಲ್ರಿ, ಆವಾಗ" ಎಂದಳು. ಅಷ್ಟು ಹೇಳಿ ರೊಟ್ಟಿ ಬಡಿಯತೊಡಗಿದಳು.

ಇನ್ನು ಮುಚ್ಚಿಟ್ಟು ಫಲವಿಲ್ಲ. ನಮ್ಮದು ಉಣ್ಣುವ ಮೊದಲು ಬಾಗಿಲಿಗೆ ಬಂದು, "ಯಾರರೆ ಹಸದವ್ರು ಇದ್ದೀರೇನ್ರಿ" ಎಂದು ಕೂಗುವ ಶರಣರ ಮನೆತನ. ಖಾಸೀಮಸಾಬ ಊರು ಬಿಟ್ಟ ದಿನ ಮಧ್ಯಾಹ್ನವೂ ರೂಢಿಯಂತೆ ಕೂಗಿದೆ. ಖಾಸೀಮಸಾಬ ಬಂದ. "ಹಸಿವಿಲ್ರಿ ಮಾಸ್ತರ. ಸಂಜಿತನಕ ಒಳಗ ಕೂಡ್ತೇನಿ" ಎಂದ. ಗಲ್ಲಿಯ ತುದಿಯಲ್ಲಿ ಗುಂಪಿನ ಗದ್ದಲ ಕೇಳುತ್ತಿತ್ತು. ನಾಯಿ ನನ್ನ ಕಾಲ ಸಂದಿಯಿಂದ ಒಳಗೆ ನುಗ್ಗಿತು. ಅದರ ಹಿಂದೆ ಅವನು ಬರುವ ಮೊದಲು ನಾನು ಅಗಳಿ ಹಾಕಿದೆ. ನನಗೆ ವಿಪರೀತ ಅಂಜಿಕೆಯಾಗಿತ್ತು. ಆಮೇಲೆ ಕೈ ತೊಳೆದು ಊಟಕ್ಕೂ ಕೂತೆ.

ಹೆಂಡತಿ ಹೇಳಿದ ಮರುದಿನವೇ ಬಡಿಗನನ್ನು ಕರೆಸಿ ಅಗಳಿ ಕೀಳಿಸಿದೆ. ನಡುಕ ನಿಂತಿತು. ನಾಯಿ ರೊಟ್ಟಿ ತಿಂದಿತು.

ಚಳಿಗಾಲ ಕಳೆದ ಮೇಲೆ ಖಾಸೀಮಸಾಬ ಬಂದ. ಔರಾದಿನ ನೆಂಟರಲ್ಲಿ ಇದ್ದನಂತೆ. ಸೊರಗಿದ್ದ. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಕಾಲಿಗೆ ಬಿದ್ದು ಹೊರಳುತ್ತಿದ್ದ ನಾಯಿಯನ್ನು ಸವರುತ್ತ ಬಾಗಿಲನ್ನೇ ನೋಡಿದ.

"ಅಗಳಿ ಎಲ್ಲಿ ಹೋತ್ರಿ, ಮಾಸ್ತರ?"

"ನಾಯಿ ಅದಕ್ಕ ಭಾಳ ಅಂಜ್ತಿತ್ತು" ಎಂದೆ.

"ಅದರದೇನ್ ತಪ್ಪು ಅದರಿ" ಎಂದು ಅವನು ನಾಯಿಯನ್ನು ಕರೆದುಕೊಂಡು ಹೋದ.

ಈಗ ನಮ್ಮಲ್ಲಿ ಅಗಳಿಯೂ ಇಲ್ಲ, ನಾಯಿಯೂ ಇಲ್ಲ. ಪದ್ಧತಿ ಮಾತ್ರ ಬಿಟ್ಟಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೂಗುವಾಗ ನಾನೇ ನಡುಗುತ್ತೇನೆ, ಯಾರಾದರೂ ಬಂದೇಬಿಟ್ಟರೆ ಎಂದು.