ಹಾವಿಗೆ ನಾಲ್ಕು ಕಾಲು

ವೈಜಿನಾಥ ಮಾಸ್ತರರ ನೆಮ್ಮದಿ ಕೆಡಿಸಿದ್ದು ಒಂದೇ ಒಂದು ಫೋನು. ಅದೂ ಬೀದರದಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ, ಒಂಟಿ ಕಾಲಿನ ಮೇಲೆ ನಿಂತಿದ್ದಾಗ.

"ಮಾಸ್ತರ್ರೀ, ಇವತ್ತ ಶಿಕ್ಷಣ ಇಲಾಖೆ ಸಾಹೇಬ್ರು ನಮ್ಮ ಸಾಲಿಗಿ ಬರ್ಲಾಕತ್ತಾರ!" ಸಹೋದ್ಯೋಗಿ ಖಾಜಾ ಮಿಯಾ ಅತ್ತಲಿಂದ ಒದರಿದ. "ನಿಮ್ಮ ವರ್ಗದ ಅರ್ಜಿ ಅವ್ರ ಕೈಯಾಗೇ ಅದ. ಒಂದ್ ಜಬರದಸ್ತ ಪಾಠ ಮಾಡಿ ತೋರಸ್ರಿ. ಖುಷ್ ಆದ್ರ ಕೆಲ್ಸ ಆದಂಗೇ!"

ಬೀದರಿಗೆ ವರ್ಗವಾಗಲೆಂದು ಮಾಸ್ತರರು ಕೈ ಮುಗಿಯದ ದೇವರಿಲ್ಲ. ಬೀದರದ ಮನೆಯಿಂದ ಔರಾದಿನಾಚೆಯ ಗಡಿ ಹಳ್ಳಿಯ ಸಾಲೆಗೆ ಎರಡು ಬಸ್ಸು ಹತ್ತಿಳಿದು ಹೋಗಿ ಬರುವಷ್ಟರಲ್ಲಿ ಮಗಳು ಕಾಜಲ ಮಲಗಿಬಿಟ್ಟಿರುತ್ತಿದ್ದಳು. ಭಾನುವಾರ ಎತ್ತಿಕೊಳ್ಳಲು ಹೋದರೆ ಆ ಕೂಸು ಹೊಸ ಬೀಗರನ್ನು ಕಂಡಂತೆ ನಾಚಿ ಅವ್ವನ ಹಿಂದೆ ಸರಿಯುತ್ತಿತ್ತು.

ಸಾಲೆಯ ಬಾಗಿಲಲ್ಲೇ ಮುಖ್ಯ ಗುರು ಸಿದ್ದೇಶ್ವರಿ ಬಾಯಿ ಅಡ್ಡಗಟ್ಟಿದರು. "ಏನ್ ಪಾಠ ಮಾಡ್ತೀರಿ?"

"ಚೀನಾದವ್ರದೊಂದು ನುಡಿಗಟ್ಟ ಅದರೀ ಬಾಯಿ. ಹಾವಿನ ಚಿತ್ರಕ್ಕ ಕಾಲು ಬರದವನ ಕತಿ. ಮೊದ್ಲು ಬರದವನಿಗಿ ಕುಡೀಲಾಕ ಒಂದ್ ಗಡಿಗಿ ಸೆರೆ..."

"ಸೆರೆ ಬ್ಯಾಡ್ರಿ! ಸಾಹೇಬ್ರ ಮುಂದ ಮಜ್ಜಿಗಿ ಅನ್ರಿ."

"ಹಾವು ಬಂತಂದ್ರ ಪುಂಗಿ ನಾ ಊದ್ತೇನಿ," ಎಂದ ಖಾಜಾ ಮಿಯಾ. ಬೇಡವೆಂದರೂ ಊದುವವನೇ ಅವನು.

ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಏನೋ ಹೇಳಲು ಬಾಯಿ ತೆರೆದರು. ಸಿದ್ದೇಶ್ವರಿ ಬಾಯಿ ಅವರನ್ನು ತಡೆದರು. "ಮೊದ್ಲು ಪಾಠ ನೋಡ್ರಿ ಸಾಹೇಬ್ರ, ಮಾತು ಆಮ್ಯಾಲ."

ಮಾಸ್ತರರು ಅವಸರದಲ್ಲಿ ಬರೆದ ಹಾವು ಹಲಗೆ ದಾಟಿ ಗೋಡೆಗೆ ಹರಿಯಿತು. ಹೊರಗೆ ಪುಂಗಿ ಕಿರುಚಿತು. ಆದರೆ ಕತೆ ಶುರುವಾದದ್ದೇ ತಡ, ಮಕ್ಕಳು ಕಣ್ಣು ಮಿಟುಕಿಸಲಿಲ್ಲ. ಕತೆಯಲ್ಲಿ ಎಲ್ಲರಿಗಿಂತ ಮೊದಲು ಹಾವು ಬರೆದವನೊಬ್ಬ ಟೈಮು ಉಳಿಯಿತೆಂದು ಅದಕ್ಕೆ ನಾಲ್ಕು ಕಾಲು ಬರೆದ. ಅಷ್ಟರಲ್ಲಿ ಬರೆದು ಮುಗಿಸಿದ ಇನ್ನೊಬ್ಬ, ಕಾಲಿದ್ದದ್ದು ಹಾವೇ ಅಲ್ಲವೆಂದು ಮಜ್ಜಿಗೆಯ ಗಡಿಗೆ ಎತ್ತಿಕೊಂಡು ಗಟಗಟ ಕುಡಿದ. ಮಕ್ಕಳು ಬಿದ್ದು ಬಿದ್ದು ನಕ್ಕರು.

"ಹಾವಿಗಿ ಕಾಲು ಅನ್ನೋ ಈ ಮಾತು ಯಾವಾಗ ಬಳಸ್ತಾರವ್ವಾ?" ಸಾಹೇಬರು ಒಬ್ಬ ಹುಡುಗಿಯನ್ನು ಕೇಳಿದರು.

"ಮುಗದಿದ್ ಕೆಲ್ಸಕ್ಕ ಮತ್ತ ಕೈ ಹಚ್ಚಿ ಕೆಡಿಸ್ಕೊಂಡಾಗ್ರಿ!"

ಸಾಹೇಬರು ಎದ್ದು ಬಂದು ಮಾಸ್ತರರ ಕೈ ಹಿಡಿದರು. "ನಿಮಗ ಬೀದರಿಗಿ ಕಳಸೋ ಆರ್ಡರಿಗಿ ನಿನ್ನಿನೇ ಸಹಿ ಮಾಡೀನ್ರಿ. ಅದನ್ನ ಹೇಳಿ ಹೋಗ್ಬೇಕಂತೇ ಬಂದಿದ್ದೆ."

ಮಾಸ್ತರರಿಗೆ ಕುಣಿಯುವಂತಾಯಿತು.

"ಖರೆ, ಈ ಪಾಠ ನೋಡಿದ ಮ್ಯಾಲ ಮನಸ್ಸೇ ಬರವಲ್ದು. ಇಂಥ ಮಾಸ್ತರ್‌ಗ ಈ ಮಕ್ಕಳಿಂದ ಕಸ್ಕೊಂಡ್ರ ನನಗ ಪಾಪ ಹತ್ತತದ. ಆರ್ಡರ್ ಕ್ಯಾನ್ಸಲ್! ಶನಿವಾರ ಮಧ್ಯಾಹ್ನ ಬಾಜು ಹಳ್ಳಿ ಸಾಲಿಗೂ ಹೋಗಿ ಇದೇ ಪಾಠ ಮಾಡ್ರಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಬಾಗಿಲಲ್ಲಿ ನಿಂತಿದ್ದ ಖಾಜಾ ಮಿಯಾ.